ನೋಡುವ ಚಿತ್ರ, ಇಟ್ಟುಕೊಳ್ಳುವ ಚಿತ್ರ

ಈಚೆಗೆ ಒಂದು ಭಾನುವಾರ ಸಂಜೆ ಅಕ್ಕನ ಮಗ ಫೋನ್ ಮಾಡಿದ. ‘ಮಾಮ, ಹೊಸ ಸಿನಿಮಾ ಒಂದನ್ನು ಮನೇಲೇ ನೋಡೋಣ ಅಂತ ಟಿ.ವಿ. ಹಾಕಿಕೊಂಡು ಕೂತಿದ್ದೀವಿ. ಬಾಡಿಗೆಗಾದರೆ ಒಂದು ದರ, ಕೊಂಡುಕೊಳ್ಳೋದಾದರೆ ಅದರ ಮೂರರಷ್ಟು ದರ ತೋರಿಸ್ತಿದೆ. ಯಾವುದನ್ನ ಒತ್ತಲಿ?’ ಎಂದು ಕೇಳಿದ. ಚಿತ್ರ ಹೇಗಿದೆಯಂತೆ ಎಂದೆ. ‘ಚೆನ್ನಾಗಿದೆಯಂತೆ. ಆದರೆ ಕೊಳ್ಳೋವಷ್ಟು ಚೆನ್ನಾಗಿದೆಯೋ ಇಲ್ಲವೋ ಗೊತ್ತಿಲ್ಲ’ ಎಂದ.

ಹುಡುಗ ತನಗೆ ತಿಳಿಯದೆಯೇ ಒಂದು ಒಳ್ಳೆಯ ಪ್ರಶ್ನೆಯನ್ನು ಎತ್ತಿದ್ದ. ಚಿತ್ರವೊಂದು ‘ನೋಡಬಹುದೇ’ ಎಂಬುದು ಒಂದು ಪ್ರಶ್ನೆ. ಅದನ್ನು ‘ಕೊಂಡು ಇಟ್ಟುಕೊಳ್ಳಬಹುದೇ’ ಎಂಬುದು ಮತ್ತೊಂದು. ಪತ್ರಿಕೆಗಳ ವಿಮರ್ಶೆ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಗ್ರಂಥಾಲಯದಿಂದ ತಂದು ಓದಿ ಹಿಂತಿರುಗಿಸುವ ಪುಸ್ತಕಕ್ಕೂ ದುಡ್ಡು ಕೊಟ್ಟು ತಂದು ಕಪಾಟಿನಲ್ಲಿ ಇಡುವ ಪುಸ್ತಕಕ್ಕೂ ನಾವು ಬೇರೆ ಬೇರೆ ಅಳತೆಗೋಲು ಹಿಡಿಯುತ್ತೇವಲ್ಲ, ಹಾಗೆಯೇ ಇದು. ಪುಸ್ತಕದ ವಿಷಯದಲ್ಲಿ ಈ ವಿವೇಕ ನಮಗೆ ತಲೆಮಾರುಗಳಿಂದ ಬಂದಿದೆ. ಚಲನಚಿತ್ರದ ವಿಷಯದಲ್ಲಿ ಮಾತ್ರ ಅದು ತೀರ ಈಚಿನದು. ಏಕೆಂದರೆ ಚಿತ್ರವನ್ನು ಕೊಳ್ಳಬಹುದು ಎಂಬ ಕಲ್ಪನೆಗೇ ಇನ್ನೂ ಐವತ್ತು ವರ್ಷ ದಾಟಿ ಹೆಚ್ಚು ಕಾಲವಾಗಿಲ್ಲ.

ಕೊಳ್ಳುವ ಪ್ರಶ್ನೆ ಹುಟ್ಟಿದ ಬಗೆ

ಲೂಮಿಯೇರ್ ಸೋದರರು ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ನಡೆಸಿದ್ದು 1895ರಲ್ಲಿ. ಅಲ್ಲಿಂದ ಸುಮಾರು ಎಂಬತ್ತು ವರ್ಷ ಸಾಮಾನ್ಯ ಪ್ರೇಕ್ಷಕ ದುಡ್ಡು ಕೊಟ್ಟು ಪಡೆದದ್ದು ಚಿತ್ರವನ್ನಲ್ಲ. ಎರಡು ಮೂರು ಗಂಟೆ ಕತ್ತಲಲ್ಲಿ ಕೂರುವ ಒಂದು ಆಸನವನ್ನು. ಚಿತ್ರ ಊರು ಬಿಟ್ಟು ಹೋಯಿತೆಂದರೆ ಮತ್ತೆ ಟೂರಿಂಗ್ ಟಾಕೀಸಿನವರು ತಂದಾಗಲೇ ಅದರ ದರ್ಶನ. ಫಿಲಂ ಸೊಸೈಟಿಗಳು 16 ಮಿ.ಮೀ. ಪ್ರಿಂಟುಗಳನ್ನು ತರಿಸಿ ತೋರಿಸುತ್ತಿದ್ದವು ನಿಜ. ಆದರೆ ಅವೂ ಹಿಂತಿರುಗಿಸಬೇಕಾದ ರೀಲುಗಳೇ.

ಈ ಸ್ಥಿತಿಯನ್ನು ಬದಲಿಸಿದ್ದು ಜಪಾನಿನ ಎರಡು ಕಂಪನಿಗಳು. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ ಬಂತು, ಜೆವಿಸಿಯ ವಿಎಚ್‌ಎಸ್ ಅದರ ಮರುವರ್ಷ. ಅಮೆರಿಕದ ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು ಬೆಚ್ಚಿಬಿದ್ದು ಸೋನಿಯ ಮೇಲೆ ಮೊಕದ್ದಮೆ ಹೂಡಿದವು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ, ಟಿ.ವಿ.ಯಲ್ಲಿ ಬರುವ ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿಕೊಂಡು ಆಮೇಲೆ ನೋಡುವುದು ತಪ್ಪಲ್ಲ ಎಂದು ತೀರ್ಪಿತ್ತಿತು. ವಿನೋದವೆಂದರೆ, ಯಾವ ಯಂತ್ರ ತಮ್ಮ ಉದ್ಯಮವನ್ನು ಮುಳುಗಿಸುತ್ತದೆಂದು ಚಿತ್ರೋದ್ಯಮಿಗಳು ಹೆದರಿದ್ದರೋ ಅದೇ ಯಂತ್ರ ಮುಂದೆ ಅವರಿಗೆ ಕಾಮಧೇನುವಾಯಿತು.

ಆದರೂ ಆರಂಭದಲ್ಲಿ ಕ್ಯಾಸೆಟ್ ಕೊಳ್ಳುವವರು ಬಾಡಿಗೆ ಅಂಗಡಿಯವರಷ್ಟೇ ಆಗಿದ್ದರು. ಆಗ ಅಮೆರಿಕದಲ್ಲಿ ಹೊಸ ಚಿತ್ರದ ಒಂದು ಕ್ಯಾಸೆಟ್ಟಿಗೆ ಸುಮಾರು 80 ಡಾಲರ್ ಬೆಲೆ. 1982ರಲ್ಲಿ ‘ಸ್ಟಾರ್ ಟ್ರೆಕ್’ ಸರಣಿಯ ಎರಡನೆಯ ಚಿತ್ರವನ್ನು 39.95 ಡಾಲರಿಗೆ ಬಿಟ್ಟಾಗ ಮನೆಮಂದಿ ಮೊದಲ ಬಾರಿ ‘ನಾವೇ ಏಕೆ ಕೊಳ್ಳಬಾರದು?’ ಎಂದು ಯೋಚಿಸತೊಡಗಿದರು. 1987ರಲ್ಲಿ ‘ಟಾಪ್ ಗನ್’ 26.95 ಡಾಲರಿಗೆ ಬಂತು. ಕ್ಯಾಸೆಟ್ಟಿನ ಆರಂಭದಲ್ಲೇ ತಂಪು ಪಾನೀಯದ ಒಂದು ಜಾಹೀರಾತನ್ನೂ ಅಂಟಿಸಿದ್ದರು. ಬೆಲೆ ಇಳಿದ ಮೇಲೆಯೇ ‘ಕೊಳ್ಳಲು ಯೋಗ್ಯವೇ’ ಎಂಬ ಜಿಜ್ಞಾಸೆ ಸಾಮಾನ್ಯರ ಮನೆ ಹೊಕ್ಕಿತು.

ನಮ್ಮಲ್ಲಿ ಕತೆ ಸ್ವಲ್ಪ ಬೇರೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ವೇಳೆಗೆ ಬಣ್ಣದ ಟಿ.ವಿ. ಬಂತು. ಅದರ ಹಿಂದೆಯೇ ವಿಸಿಆರ್, ವಿಸಿಪಿಗಳು ಬಂದವು. ಯಂತ್ರವನ್ನು ಕೊಳ್ಳಲಾಗದವರು ಹಬ್ಬಕ್ಕೋ ಮದುವೆಗೋ ಒಂದು ರಾತ್ರಿಗೆ ವಿಸಿಪಿ ಬಾಡಿಗೆಗೆ ತಂದು, ಜೊತೆಗೆ ಮೂರು ಕ್ಯಾಸೆಟ್ ತಂದು, ಬೆಳಗಿನ ಜಾವದ ತನಕ ಕಣ್ಣು ಕೆಂಪಗೆ ಮಾಡಿಕೊಂಡು ನೋಡಿದ್ದು ಈ ಅಂಕಣದ ಹಲವು ಓದುಗರಿಗೆ ನೆನಪಿರಬೇಕು. ಪಕ್ಕದ ಮನೆಯವರೆಲ್ಲ ಚಾಪೆ ಹಿಡಿದು ಬರುತ್ತಿದ್ದರು. ಕೊಳ್ಳುವ ಮಾತು ಯಾರಿಗೂ ಹೊಳೆಯುತ್ತಿರಲಿಲ್ಲ. ಕೊಂಡವರಿಗೂ ಮಲೆನಾಡಿನ ಒಂದು ಮಳೆಗಾಲ ಸಾಕಾಗುತ್ತಿತ್ತು. ಟೇಪಿನ ಮೇಲೆ ಬಿಳಿಯ ಬೂಷ್ಟು ಬಂದು ಚಿತ್ರವೆಲ್ಲ ಗೆರೆ ಗೆರೆ.

1993ರಲ್ಲಿ ರೂಪುಗೊಂಡ ವಿಸಿಡಿ ನಮ್ಮ ದೇಶಕ್ಕೆ ಹೇಳಿಮಾಡಿಸಿದಂತಿತ್ತು. ಒಂದು ಬಿಲ್ಲೆಯಲ್ಲಿ ಹಿಡಿಸುವುದು ಸುಮಾರು 74 ನಿಮಿಷ. ಹೀಗಾಗಿ ನಮ್ಮ ಎರಡೂವರೆ ಗಂಟೆಯ ಚಿತ್ರಗಳಿಗೆ ಎರಡು ಮೂರು ಬಿಲ್ಲೆ ಬೇಕಾಗುತ್ತಿತ್ತು. ನಾಯಕಿ ಅಳಲು ಶುರುಮಾಡಿದಾಗ ಎದ್ದು ಹೋಗಿ ಬಿಲ್ಲೆ ಬದಲಿಸಿ ಬರಬೇಕು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಹೊರಟಾಗ ಚಿತ್ರವೊಂದರ ಬೆಲೆ ನಗರದ ಸಿನಿಮಾ ಟಿಕೇಟಿಗಿಂತ ಕಡಿಮೆಯಾಯಿತು. ಆಗ ಆದದ್ದೇನು? ಯಾರೂ ತೂಗಿ ನೋಡಲಿಲ್ಲ. ತರಕಾರಿ ಕೊಳ್ಳುವಂತೆ ಚಿತ್ರ ಕೊಂಡರು. ಇಂದಿಗೂ ಎಷ್ಟೋ ಮನೆಗಳ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳಲ್ಲಿ, ಒಮ್ಮೆಯೂ ಬಿಚ್ಚಿ ನೋಡದ ಬಿಲ್ಲೆಗಳು ಆ ಅಗ್ಗದ ದಿನಗಳ ಸಾಕ್ಷಿಯಾಗಿ ಬಿದ್ದಿವೆ. ಅಂದರೆ ಬೆಲೆ ಕಡಿಮೆಯಿದ್ದ ಮಾತ್ರಕ್ಕೆ ಕೊಂಡದ್ದು ಲಾಭವಲ್ಲ. ಹಾಗಾದರೆ ಅಳೆಯುವುದು ಹೇಗೆ?

ಮೊದಲ ಅಳತೆ: ಎರಡನೆಯ ನೋಟ

ಒಮ್ಮೆ ನೋಡಲು ಬಾಡಿಗೆ ಸಾಕು. ಕೊಳ್ಳುವ ದುಡ್ಡು ತೆರುವುದು ಎರಡನೆಯ, ಮೂರನೆಯ, ಹತ್ತನೆಯ ನೋಟಕ್ಕಾಗಿ. ಆದ್ದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಮುಂದೇನಾಗುತ್ತದೆ ಎಂಬುದು ತಿಳಿದ ಮೇಲೂ ಈ ಚಿತ್ರದಲ್ಲಿ ನೋಡಲು ಏನು ಉಳಿದಿರುತ್ತದೆ?

ಪತ್ತೇದಾರಿ ಚಿತ್ರಗಳಿಗೆ ಇದು ಕಠಿಣ ಪರೀಕ್ಷೆ. ಕೊಲೆಗಾರ ಯಾರೆಂದು ಗೊತ್ತಾದೊಡನೆ ಬಹುಪಾಲು ಚಿತ್ರಗಳ ಕತೆ ಮುಗಿಯಿತು. ಆದರೆ ಸುಳಿವುಗಳನ್ನು ಜಾಣತನದಿಂದ ಹುದುಗಿಸಿಟ್ಟ ಚಿತ್ರ ಎರಡನೆಯ ಸಲ ಇನ್ನೂ ರುಚಿಸುತ್ತದೆ. 2015ರ ‘ರಂಗಿತರಂಗ’ವನ್ನು ಮತ್ತೊಮ್ಮೆ ನೋಡಿದ ಎಷ್ಟೋ ಮಂದಿ ‘ಅಯ್ಯೋ, ಇದು ಅಲ್ಲೇ ಇತ್ತಲ್ಲ!’ ಎಂದು ಹಣೆ ಚಚ್ಚಿಕೊಂಡದ್ದುಂಟು. ಸಾರ್ವಜನಿಕರಿಂದಲೇ ಹಣ ಕೂಡಿಸಿ ತೆಗೆದ 2013ರ ‘ಲೂಸಿಯಾ’ದಲ್ಲಿ ಕನಸು ಯಾವುದು, ಎಚ್ಚರ ಯಾವುದು ಎಂಬುದು ಕೊನೆಯಲ್ಲಿ ಬಿಚ್ಚಿಕೊಳ್ಳುವುದರಿಂದ, ಆರಂಭದ ದೃಶ್ಯಗಳು ಎರಡನೆಯ ನೋಟದಲ್ಲಿ ಬೇರೆಯೇ ಅರ್ಥ ಕೊಡುತ್ತವೆ. ಇಂಥವು ಇಟ್ಟುಕೊಳ್ಳುವ ಚಿತ್ರಗಳು.

ಹಾಸ್ಯದ ಲೆಕ್ಕ ತಿರುವುಮುರುವು. ಒಳ್ಳೆಯ ಹಾಸ್ಯ ಚಿತ್ರ ಹಳೆಯದಾದಷ್ಟೂ ಮನೆಯದಾಗುತ್ತದೆ. 1981ರ ‘ಗುರು ಶಿಷ್ಯರು’, 1990ರ ‘ಗಣೇಶನ ಮದುವೆ’ ಟಿ.ವಿ.ಯಲ್ಲಿ ಬಂದರೆ ಮುಂದಿನ ಮಾತು ಬಾಯಿಗೆ ಬಂದಿದ್ದರೂ ನಾವು ಕುಳಿತು ನಗುವುದಿಲ್ಲವೆ? ಮಾತು ಗೊತ್ತಿರುವುದೇ ಅಲ್ಲಿನ ಸುಖ. ಹಾಡುಗಳ ಮಾತೂ ಹೀಗೆಯೇ. ಆದರೆ ಬರೀ ಹಾಡುಗಳಿಗಾಗಿ ಚಿತ್ರವನ್ನು ಕೊಳ್ಳಬೇಕಿಲ್ಲ. ಅದಕ್ಕೆ ಹಾಡುಗಳೇ ಪ್ರತ್ಯೇಕವಾಗಿ ಸಿಗುತ್ತವೆ.

ಇನ್ನು ದೊಡ್ಡ ತೆರೆಯ ಅಬ್ಬರವನ್ನೇ ನಂಬಿದ ಚಿತ್ರಗಳು. ಚಿತ್ರಮಂದಿರದಲ್ಲಿ ನೂರಾರು ಜನರ ಶಿಳ್ಳೆಯ ನಡುವೆ ಮೈನವಿರೇಳಿಸಿದ ದೃಶ್ಯ, ಮನೆಯಲ್ಲಿ ಅನ್ನ ಸಾರು ಉಣ್ಣುತ್ತ ನೋಡುವಾಗ ಸಪ್ಪೆಯಾಗಬಹುದು. ತಪ್ಪು ಚಿತ್ರದ್ದಲ್ಲ. ಜಾತ್ರೆಯ ತೇರನ್ನು ಮನೆಯಂಗಳದಲ್ಲಿ ನಿಲ್ಲಿಸಿಕೊಂಡರೆ ಜಾತ್ರೆಯಾಗುವುದಿಲ್ಲ. ಇದಕ್ಕೊಂದು ಸರಳ ಮದ್ದಿದೆ: ಚಿತ್ರ ಬಿಡುಗಡೆಯಾದ ಗದ್ದಲದಲ್ಲಿ ಕೊಳ್ಳದೆ ಆರು ತಿಂಗಳು ಸುಮ್ಮನಿರುವುದು. ಆರು ತಿಂಗಳ ನಂತರವೂ ಅದರ ಒಂದು ದೃಶ್ಯ ತಾನಾಗಿ ನೆನಪಿಗೆ ಬಂದು ಮತ್ತೆ ನೋಡಬೇಕೆನಿಸಿದರೆ ಆ ಚಿತ್ರ ಪರೀಕ್ಷೆಯಲ್ಲಿ ಪಾಸಾದಂತೆ.

ಎರಡನೆಯ ಅಳತೆ: ಯಾವ ಪ್ರತಿ?

ಒಳ್ಳೆಯ ಚಿತ್ರದ ಕೆಟ್ಟ ಪ್ರತಿಯನ್ನು ಕೊಂಡು ಮೋಸಹೋದವರೇ ಹೆಚ್ಚು. ಪುಸ್ತಕದಲ್ಲಾದರೆ ಹಾಳೆ ಹರಿದದ್ದು ಕೈಗೆ ತಿಳಿಯುತ್ತದೆ. ಚಿತ್ರದಲ್ಲಿ ಹರಿದದ್ದು ಮೇಲುನೋಟಕ್ಕೆ ತಿಳಿಯುವುದಿಲ್ಲ.

ಮೊದಲು ಚೌಕಟ್ಟು ನೋಡಬೇಕು. ಸಿನಿಮಾಸ್ಕೋಪ್ ಚಿತ್ರದ ಅಗಲ ಅದರ ಎತ್ತರದ ಸುಮಾರು 2.35 ಪಟ್ಟು. ಹಳೆಯ ಟಿ.ವಿ.ಯದು 1.33 ಪಟ್ಟು ಮಾತ್ರ. ಟಿ.ವಿ.ಯ ಪರದೆ ಪೂರ್ತಿ ತುಂಬಲೆಂದು ಎರಡೂ ಬದಿ ಕತ್ತರಿಸಿದರೆ ಚಿತ್ರದ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಪಾಲು ಹೋಯಿತು. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರು ಮಾಯ! ಈಗಿನ ಅಗಲ ಟಿ.ವಿ.ಗಳದು 1.78 ಪಟ್ಟು. ಹಾಗಾಗಿ ಸ್ಕೋಪ್ ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಅದು ದೋಷವಲ್ಲ, ಚಿತ್ರ ಇಡಿಯಾಗಿ ಇದೆಯೆಂಬ ಗುರುತು. ಪಟ್ಟಿ ಇಲ್ಲದಿದ್ದರೇ ಅನುಮಾನಿಸಬೇಕು. ಹಾಗೆಯೇ ಹಳೆಯ ಕಪ್ಪು-ಬಿಳುಪು ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರದವು; ಅವಕ್ಕೆ ಎಡಬಲದಲ್ಲಿ ಪಟ್ಟಿ ಇರಲೇಬೇಕು. ಎಳೆದು ಅಗಲ ಮಾಡಿದ ಪ್ರತಿಗಳಲ್ಲಿ ತೆಳ್ಳಗಿನ ನಾಯಕನೂ ದಪ್ಪಗಾಗಿರುತ್ತಾನೆ.

ಎರಡನೆಯದು ಅವಧಿ. ಚಿತ್ರಮಂದಿರದಲ್ಲಿ 150 ನಿಮಿಷವಿದ್ದ ಚಿತ್ರ ಡಿವಿಡಿಯಲ್ಲಿ 144 ನಿಮಿಷವಿದ್ದರೆ ಕತ್ತರಿ ಬಿದ್ದಿದೆ ಎಂದು ಅವಸರಪಡಬೇಡಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ನಮ್ಮ ದೇಶದ ಹಳೆಯ ಟಿ.ವಿ. ಪದ್ಧತಿಯಾದ ‘ಪ್ಯಾಲ್’ನದು 25. ಅಷ್ಟು ಬೇಗ ಓಡಿದ ಕಾರಣಕ್ಕೇ ಆರು ನಿಮಿಷ ಉಳಿಯುತ್ತದೆ. ಆದರೆ 150 ನಿಮಿಷದ ಚಿತ್ರ 130 ನಿಮಿಷವಾಗಿದ್ದರೆ ಅದು ಕತ್ತರಿಯ ಕೆಲಸವೇ. ಹಾಡೋ, ಹಾಸ್ಯದ ಉಪಕತೆಯೋ ಹಾರಿಹೋಗಿರುತ್ತದೆ.

ಮೂರನೆಯದು ಚಿತ್ರದ ಸ್ಪಷ್ಟತೆ. ಇದು ಜಾಗದ ಲೆಕ್ಕ. ಸಾಮಾನ್ಯ ಡಿವಿಡಿಯಲ್ಲಿರುವುದು 4.7 ಗಿಗಾಬೈಟ್ ಜಾಗ, ಎರಡು ಪದರದ್ದರಲ್ಲಿ 8.5. ‘ಒಂದೇ ಡಿವಿಡಿಯಲ್ಲಿ ಮೂರು ಸೂಪರ್‌ಹಿಟ್ ಚಿತ್ರಗಳು’ ಎಂಬ ಆಮಿಷವನ್ನು ನಾವೆಲ್ಲ ಕಂಡಿದ್ದೇವೆ. ಮೂರು ಜನರ ಚಾಪೆಯಲ್ಲಿ ಒಂಬತ್ತು ಜನ ಮಲಗಿದಂತೆ ಅಲ್ಲಿ ಚಿತ್ರಗಳು ಕುಗ್ಗಿ ಮುದುಡಿರುತ್ತವೆ. ಮುಖಗಳು ಚೌಕ ಚೌಕ, ಕತ್ತಲ ದೃಶ್ಯವೆಲ್ಲ ಮಸಿ. 2006ರಲ್ಲಿ ಬಂದ ಬ್ಲೂ-ರೇ ಬಿಲ್ಲೆಯಲ್ಲಿ 25ರಿಂದ 50 ಗಿಗಾಬೈಟ್ ಹಿಡಿಸುತ್ತದೆ. ಅಂತರ್ಜಾಲದಲ್ಲಿ ಹರಿದು ಬರುವ ಚಿತ್ರಕ್ಕೆ ಅದರ ಕಾಲು ಪಾಲೂ ಮಾಹಿತಿ ಇರುವುದಿಲ್ಲವಾದ್ದರಿಂದ, ಮಳೆ, ಹೊಗೆ, ರಾತ್ರಿಯ ಕಾಡು ಇಂಥ ದೃಶ್ಯಗಳಲ್ಲಿ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಛಾಯಾಗ್ರಹಣವೇ ಜೀವಾಳವಾದ ಚಿತ್ರಕ್ಕೆ ಬಿಲ್ಲೆ ಸಿಗುವುದಾದರೆ ಅದನ್ನೇ ಕೊಳ್ಳುವುದು ಮೇಲು.

ನಾಲ್ಕನೆಯದು ಬಿಲ್ಲೆಯ ಪ್ರದೇಶ ಸಂಖ್ಯೆ. ಜಗತ್ತನ್ನು ಡಿವಿಡಿ ಕಂಪನಿಗಳು ವಲಯಗಳಾಗಿ ಹಂಚಿಕೊಂಡವು. ಅಮೆರಿಕ ಒಂದನೆಯ ವಲಯ, ಭಾರತ ಐದನೆಯದು. ಅಮೆರಿಕದಲ್ಲಿರುವ ಮಗಳು ಪ್ರೀತಿಯಿಂದ ತಂದ ಬಿಲ್ಲೆ ಇಲ್ಲಿನ ಯಂತ್ರದಲ್ಲಿ ಓಡದೆ, ತಂದೆತಾಯಿ ಯಂತ್ರವೇ ಕೆಟ್ಟಿದೆಯೆಂದು ರಿಪೇರಿಯವನ ಬಳಿಗೆ ಹೊತ್ತೊಯ್ದ ಪ್ರಸಂಗಗಳು ಕಡಿಮೆಯಲ್ಲ. ಬ್ಲೂ-ರೇಯಲ್ಲಿ ಭಾರತದ್ದು ‘ಸಿ’ ವಲಯ.

ಕೊನೆಯದಾಗಿ ಹೊದಿಕೆಯ ಮೇಲಿನ ಅಕ್ಷರ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮಾರಾಟದ ವಿಡಿಯೋ ಪ್ರತಿಯ ಮೇಲೆ ಸೆನ್ಸಾರ್ ಪ್ರಮಾಣಪತ್ರದ ನಕಲು, ಪ್ರತಿ ತಯಾರಿಸಿದವರ ಹೆಸರು ವಿಳಾಸ, ಕೃತಿಸ್ವಾಮ್ಯ ಉಳ್ಳವರ ಹೆಸರು ವಿಳಾಸ ಇರಬೇಕು. ಇವು ಇಲ್ಲದ್ದು ಕಳ್ಳಪ್ರತಿ ಎಂದೇ ತಿಳಿಯಬೇಕು. ಚಿತ್ರಮಂದಿರದಲ್ಲಿ ಕ್ಯಾಮೆರಾ ಬಚ್ಚಿಟ್ಟು ತೆಗೆದ ಪ್ರತಿಯಲ್ಲಿ ನಾಯಕನ ಮುಖಕ್ಕಿಂತ ಮುಂದಿನ ಸಾಲಿನವನ ತಲೆಯೇ ಹೆಚ್ಚು ಸ್ಪಷ್ಟ.

ಮೂರನೆಯ ಅಳತೆ: ಕೊಂಡದ್ದು ಏನನ್ನು?

ಈಗ ನನ್ನ ಅಳಿಯನ ಪ್ರಶ್ನೆಯ ನಡುಮನೆಗೆ ಬಂದೆವು. ಅವನ ಟಿ.ವಿ. ತೋರಿಸುತ್ತಿದ್ದ ‘ಕೊಳ್ಳಿ’ ಎಂಬ ಗುಂಡಿಯನ್ನು ಒತ್ತಿದರೆ ಮನೆಗೆ ಯಾವ ವಸ್ತುವೂ ಬರುವುದಿಲ್ಲ. ಸಿಗುವುದು ಒಂದು ಪರವಾನಗಿ ಮಾತ್ರ. ಆ ಕಂಪನಿಯ ಬಳಿ ಆ ಚಿತ್ರದ ಹಕ್ಕು ಇರುವ ತನಕ, ಅದರ ಬಾಗಿಲು ತೆರೆದಿರುವ ತನಕ ನೋಡಬಹುದು. ಬಿಲ್ಲೆಯನ್ನಾದರೆ ನಾವು ಗೆಳೆಯನಿಗೆ ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಪರವಾನಗಿಯನ್ನು ಹಾಗೆ ಕೊಡಲು ಸಾಮಾನ್ಯವಾಗಿ ಬರುವುದಿಲ್ಲ. ತಿಂಗಳ ಚಂದಾ ಕೊಟ್ಟು ನೋಡುವುದಂತೂ ಶುದ್ಧ ಬಾಡಿಗೆಯೇ.

ಇದು ಬರೀ ಕಾನೂನಿನ ಕೂದಲು ಸೀಳುವ ಮಾತಲ್ಲ. 2009ರಲ್ಲಿ ಅಮೆಜಾನ್ ಕಂಪನಿ, ಹಕ್ಕಿನ ತೊಡಕೊಂದು ಕಂಡುಬಂದಾಗ, ಓದುಗರು ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯ ಪ್ರತಿಗಳನ್ನು ಅವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಹಿಂತಿರುಗಿಸಿತು, ಮುಂದೆ ಕ್ಷಮೆಯನ್ನೂ ಕೇಳಿತು. ಆದರೆ ಮನೆಗೆ ಬಂದ ಪುಸ್ತಕವನ್ನು ಅಂಗಡಿಯವನು ರಾತ್ರಿ ಬಂದು ಒಯ್ಯಬಹುದು ಎಂಬುದು ಜಗತ್ತಿಗೆ ತಿಳಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕಾಗಿ ಒಂದು ಕಾಯ್ದೆಯನ್ನೇ ಮಾಡಿ 2025ರ ಜನವರಿ 1ರಿಂದ ಜಾರಿಗೆ ತಂದಿದೆ. ಗ್ರಾಹಕನಿಗೆ ಸಿಗುವುದು ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದವನ್ನು ಬಳಸುವಂತಿಲ್ಲ ಎಂಬುದು ಅದರ ತಿರುಳು.

ಅಳಿಸುವುದಿರಲಿ, ಬದಲಿಸುವುದೂ ಸುಲಭ. ನಮ್ಮದೇ ‘ಕಾಂತಾರ’ದ ಉದಾಹರಣೆ ನೋಡಿ. 2022ರ ಸೆಪ್ಟೆಂಬರಿನಲ್ಲಿ ತೆರೆಕಂಡ ಈ ಚಿತ್ರ ನವೆಂಬರಿನಲ್ಲಿ ಅಂತರ್ಜಾಲದ ಮೂಲಕ ಮನೆಗಳಿಗೆ ಬಂದಾಗ, ‘ವರಾಹ ರೂಪಂ’ ಹಾಡು ಚಿತ್ರಮಂದಿರದಲ್ಲಿ ಕೇಳಿದಂತೆ ಇರಲಿಲ್ಲ. ರಾಗಸಂಯೋಜನೆಯ ಕೃತಿಸ್ವಾಮ್ಯದ ಬಗೆಗಿನ ವಿವಾದ ಕೇರಳದ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಬೇರೆ ಸಂಗೀತವನ್ನು ಜೋಡಿಸಲಾಗಿತ್ತು. ಪ್ರೇಕ್ಷಕರು ಗೊಣಗಿದರು. ಮುಂದೆ ಹಳೆಯ ರೂಪವೇ ಮರಳಿ ಬಂತು. ವಿವಾದದ ಸರಿತಪ್ಪು ಇಲ್ಲಿ ನಮ್ಮ ವಿಷಯವಲ್ಲ. ಗಮನಿಸಬೇಕಾದದ್ದು ಇಷ್ಟೇ: ಮನೆಯಲ್ಲಿ ನೋಡುವ ಚಿತ್ರ ನಮ್ಮ ಕೈಯಲ್ಲಿಲ್ಲ, ನಿನ್ನೆ ನೋಡಿದ್ದೇ ಇಂದೂ ಇರುತ್ತದೆ ಎಂಬ ಭರವಸೆಯಿಲ್ಲ.

ಹಾಗೆಂದು ಬಿಲ್ಲೆಯೇ ಶಾಶ್ವತ ಎಂದೂ ಅಲ್ಲ. ಬಿಲ್ಲೆ ಓಡಲು ಯಂತ್ರ ಬೇಕು. ವಿಎಚ್‌ಎಸ್ ಯಂತ್ರವನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಕೈಬಿಟ್ಟಿತು. ಟಪಾಲಿನಲ್ಲಿ ಡಿವಿಡಿ ಬಾಡಿಗೆಗೆ ಕಳಿಸಲೆಂದೇ 1997ರಲ್ಲಿ ಸ್ಥಾಪನೆಯಾದ ನೆಟ್‌ಫ್ಲಿಕ್ಸ್ 2023ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಬಿಲ್ಲೆ ಇಟ್ಟುಕೊಳ್ಳುವವರು ಒಂದು ಒಳ್ಳೆಯ ಯಂತ್ರವನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಬಿಲ್ಲೆಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತೇವ ತಾಗದಂತೆ ಇಟ್ಟು, ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಅಲ್ಲ.

ನಾಲ್ಕನೆಯ ಅಳತೆ: ನಾಳೆ ಸಿಗುತ್ತದೆಯೆ?

ಹಾಲಿವುಡ್ಡಿನ ಜನಪ್ರಿಯ ಚಿತ್ರವನ್ನು ಇಂದು ಕೊಳ್ಳದಿದ್ದರೆ ನಾಳೆ ಕೊಳ್ಳಬಹುದು. ಅದನ್ನು ಕಾಯುವವರು ಬಹಳ ಮಂದಿ. ಪ್ರತಿಯ ಗುಣವೂ ಕಾಲ ಕಳೆದಂತೆ ಉತ್ತಮವಾಗುವುದುಂಟು. ಸತ್ಯಜಿತ್ ರಾಯ್ ಅವರ ‘ಅಪು’ ತ್ರಿವಳಿ ಚಿತ್ರಗಳ ಮೂಲ ನೆಗೆಟಿವುಗಳು 1993ರಲ್ಲಿ ಲಂಡನ್ನಿನ ಬೆಂಕಿ ಅನಾಹುತದಲ್ಲಿ ಬೆಂದಿದ್ದವು. ಉಳಿದ ಭಾಗಗಳನ್ನು ವರ್ಷಗಟ್ಟಲೆ ದುಡಿದು ಸರಿಪಡಿಸಿ, ಬೇರೆ ಪ್ರಿಂಟುಗಳ ನೆರವಿನಿಂದ ಪುನರುಜ್ಜೀವನಗೊಳಿಸಿದ ಪ್ರತಿಗಳು 2015ರಲ್ಲಿ ಹೊರಬಂದವು. ಕಾದವರಿಗೆ ಒಳ್ಳೆಯದೇ ಸಿಕ್ಕಿತು.

ಆದರೆ ಕನ್ನಡದಂಥ ಭಾಷೆಯ ಚಿಕ್ಕ ಚಿತ್ರಗಳ ಮಾತೇ ಬೇರೆ. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ದ (1931) ಗತಿಯೂ ಅದೇ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ. ಅಷ್ಟರಲ್ಲಿ ಎಷ್ಟೋ ಹೋಗಿಯಾಗಿತ್ತು. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಅಂಥ ಭಾಗ್ಯ ಎಷ್ಟು ಕನ್ನಡ ಚಿತ್ರಗಳಿಗೆ ಬಂದೀತು?

ಮನೆಮಂದಿ ಇಟ್ಟುಕೊಂಡದ್ದು ಸಂಸ್ಥೆಗಳು ಕಳೆದುಕೊಂಡದ್ದನ್ನು ಉಳಿಸಿದ ಉದಾಹರಣೆಯೂ ಇದೆ. 1960ರ ದಶಕದ ‘ಡಾಕ್ಟರ್ ಹೂ’ ಧಾರಾವಾಹಿಯ ಹಲವು ಕಂತುಗಳನ್ನು ಬಿಬಿಸಿ ಟೇಪಿನ ಉಳಿತಾಯಕ್ಕೂ ಜಾಗಕ್ಕೂ ಎಂದು ಅಳಿಸಿ, ಎಸೆದುಬಿಟ್ಟಿತ್ತು. ಆದರೆ ಆ ಕಂತುಗಳ ಧ್ವನಿ ಇಂದಿಗೂ ಉಳಿದಿದೆ. ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡ ಕೆಲವು ಹುಚ್ಚು ಅಭಿಮಾನಿಗಳೇ ಅದಕ್ಕೆ ಕಾರಣ.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. 2020ರ ಜುಲೈನಲ್ಲಿ ಸಾಂಕ್ರಾಮಿಕದ ದಿನಗಳಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಎಂಬ ಕನ್ನಡ ಚಿತ್ರಗಳು ಚಿತ್ರಮಂದಿರದ ಮುಖ ಕಾಣದೆ ನೇರವಾಗಿ ಅಂತರ್ಜಾಲದ ವೇದಿಕೆಗೆ ಬಂದವು. ಹೀಗೆ ಬರುವ ಚಿತ್ರಗಳಿಗೆ ಊರೂರು ತಿರುಗಿದ ಪ್ರಿಂಟುಗಳಿಲ್ಲ. ಬಿಲ್ಲೆ ಬಾರದಿದ್ದರೆ ಪ್ರೇಕ್ಷಕನ ಕೈಯಲ್ಲಿ ಒಂದು ಪ್ರತಿಯೂ ಉಳಿಯುವುದಿಲ್ಲ. ವೇದಿಕೆಯ ಒಪ್ಪಂದ ಮುಗಿದ ದಿನ ಅವು ಎಲ್ಲಿ ಸಿಕ್ಕಾವು? ಆದ್ದರಿಂದ ನಾಲ್ಕನೆಯ ಅಳತೆ ಮೊದಲ ಮೂರಕ್ಕಿಂತ ಬೇರೆ ತೆರನಾದದ್ದು. ಚಿತ್ರ ಅಷ್ಟೇನೂ ಶ್ರೇಷ್ಠವಲ್ಲದಿದ್ದರೂ, ಅದರಲ್ಲಿ ನಮ್ಮ ಊರಿನ ಮಾತು, ನಮ್ಮ ಕಾಲದ ಬೀದಿ, ಒಬ್ಬ ಒಳ್ಳೆಯ ನಟನ ಅಭಿನಯ ದಾಖಲಾಗಿದ್ದು, ಅದು ಬಿಲ್ಲೆಯ ರೂಪದಲ್ಲಿ ನ್ಯಾಯವಾಗಿ ಸಿಗುತ್ತಿದ್ದರೆ, ಕೊಂಡು ಇಡುವುದು ವ್ಯರ್ಥವಲ್ಲ.

ಅಳಿಯನಿಗೆ ಹೇಳಿದ್ದು

ಕೊನೆಗೆ ಹುಡುಗನಿಗೆ ಇಷ್ಟೇ ಹೇಳಿದೆ: ‘ಈಗ ಬಾಡಿಗೆಗೆ ನೋಡಿಬಿಡು. ಯುಗಾದಿಯ ಹೊತ್ತಿಗೂ ಮತ್ತೆ ನೋಡಬೇಕು ಅನ್ನಿಸಿದರೆ ಬಿಲ್ಲೆ ಬಂದಿದೆಯಾ ಅಂತ ವಿಚಾರಿಸು. ಬಂದಿದ್ದರೆ ಚೌಕಟ್ಟು, ಅವಧಿ ನೋಡಿ ತಗೋ. ಬಿಲ್ಲೆ ಇಲ್ಲದೆ ಗುಂಡಿಯೇ ಗತಿ ಅಂದರೆ, ಒತ್ತು; ಆದರೆ ಅದು ಸ್ವಂತ ಮನೆಯಲ್ಲ, ಭೋಗ್ಯಕ್ಕೆ ಹಾಕಿಕೊಂಡ ಮನೆ ಅನ್ನೋದು ತಿಳಿದಿರಲಿ.’

ಅವನು ನಕ್ಕು, ‘ಮಾಮ, ಎರಡೂವರೆ ಗಂಟೆಯ ಸಿನಿಮಾಕ್ಕೆ ಅರ್ಧ ಗಂಟೆ ಪಾಠ ಆಯ್ತು, ಮಕ್ಕಳು ಮಲಗಿಬಿಟ್ಟರು’ ಎಂದ. ಅಂದು ಅವರು ಯಾವ ಗುಂಡಿಯನ್ನೂ ಒತ್ತಲಿಲ್ಲವಂತೆ. ಬದಲಿಗೆ ಮರುದಿನ ಅಕ್ಕನ ಮನೆಯ ಅಟ್ಟದಿಂದ ಹಳೆಯ ಪೆಟ್ಟಿಗೆ ಕೆಳಗಿಳಿಯಿತು. ಅದರಲ್ಲಿ ಎಂದೋ ಕೊಂಡ ‘ಗಣೇಶನ ಮದುವೆ’ಯ ವಿಸಿಡಿ ಇತ್ತು. ಯಂತ್ರ ಇನ್ನೂ ಓಡುತ್ತಿತ್ತು. ಚಿತ್ರ ಕೊಂಚ ಮಸುಕಾಗಿತ್ತು, ನಡುವೆ ಬಿಲ್ಲೆ ಬದಲಿಸಬೇಕಾಯಿತು. ಆದರೆ ಮೂರು ತಲೆಮಾರು ಒಟ್ಟಿಗೆ ಕುಳಿತು ನಕ್ಕವು ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಅಂದು ಕೊಟ್ಟ ದುಡ್ಡು ಕಡೆಗೂ ವಸೂಲಾಗಿತ್ತು.